ಪುಟ 000 ನೋಡಿ

ಪುಸ್ತಕದೊಳಗೆ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಓದುಗರನ್ನು ಕಳಿಸುವ ಸಂಖ್ಯೆಗಳನ್ನು ಈಗ ಕಂಪ್ಯೂಟರೇ ಎಣಿಸಿ ತುಂಬುತ್ತದೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಕನ್ನಡ ಪುಸ್ತಕಗಳಿಗೆ ಎಷ್ಟು ಒಗ್ಗುತ್ತದೆ?

‘ಹೆಚ್ಚಿನ ವಿವರಕ್ಕೆ ಪುಟ 000 ನೋಡಿ’ ಎಂಬ ಸಾಲು ಅಚ್ಚಾದ ಪುಸ್ತಕದಲ್ಲಿ ಕಂಡರೆ ಓದುಗರು ತಬ್ಬಿಬ್ಬಾಗುತ್ತಾರೆ. ಸೊನ್ನೆ ನಂಬರಿನ ಪುಟ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಪುಟಗಳಿನ್ನೂ ಗಟ್ಟಿಯಾಗದಿದ್ದಾಗ, ‘ಕೊನೆಯ ಕರಡಿನಲ್ಲಿ ತುಂಬಿದರಾಯಿತು’ ಎಂದುಕೊಂಡು ಯಾರೋ ಇಟ್ಟ ಗುರುತು ಅದು. ತುಂಬುವುದು ಮರೆತುಹೋಗಿದೆ, ಅಷ್ಟೆ.

ಗಣಿತ, ವಿಜ್ಞಾನದ ಪ್ರಬಂಧಗಳಲ್ಲಿ ಇದೇ ಜಾಗದಲ್ಲಿ ಕೆಲವೊಮ್ಮೆ ಎರಡು ದಪ್ಪ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಕಚೇರಿಯ ವರದಿಗಳಲ್ಲಾದರೆ ಪೂರ್ತಿ ಒಂದು ಇಂಗ್ಲಿಷ್ ವಾಕ್ಯವೇ ನಡುವೆ ನುಸುಳಿರುತ್ತದೆ: ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್.’ ಮೂರೂ ಒಂದೇ ಕಾಯಿಲೆಯ ಲಕ್ಷಣಗಳು. ಮೊದಲನೆಯದು ಕೈಕೆಲಸದ ಮರೆವು, ಎರಡನೆಯದು ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ದೂರು, ಮೂರನೆಯದು ಮೈಕ್ರೋಸಾಫ್ಟ್ ವರ್ಡ್‌ನ ಕೈಚೆಲ್ಲುವಿಕೆ. ಸಂಖ್ಯೆಯೊಂದನ್ನು ಸರಿಯಾದ ಜಾಗಕ್ಕೆ ತರುವ ಈ ಪುಟ್ಟ ಕೆಲಸದಲ್ಲಿ ಅಷ್ಟೊಂದು ತೊಡಕು ಏನಿದೆ?

ಒಂದು ಸಾಲು ಜಾರಿದರೆ

ಡಿಟಿಪಿಯವರು ಕ್ರಾಸ್ ರೆಫರೆನ್ಸ್ ಎನ್ನುವುದನ್ನು ಕನ್ನಡದಲ್ಲಿ ಅಡ್ಡ ಉಲ್ಲೇಖ ಎನ್ನಬಹುದು. ‘5ನೇ ಅಧ್ಯಾಯ ನೋಡಿ’, ‘ಚಿತ್ರ 3.2ರಲ್ಲಿ ತೋರಿಸಿದಂತೆ’, ‘ಪುಟ 142ರ ಕೋಷ್ಟಕ’ ಇವೆಲ್ಲ ಅಡ್ಡ ಉಲ್ಲೇಖಗಳೇ. ಕಾದಂಬರಿಗೆ, ಕವನ ಸಂಕಲನಕ್ಕೆ ಇವುಗಳ ಹಂಗಿಲ್ಲ. ವ್ಯಾಕರಣ, ಕೃಷಿ ಕೈಪಿಡಿ, ಕಾನೂನು, ವೈದ್ಯ, ಪಠ್ಯಪುಸ್ತಕ, ಪಿಎಚ್‌ಡಿ ಪ್ರಬಂಧ ಇವು ಮಾತ್ರ ಇವಿಲ್ಲದೆ ಒಂದು ಹೆಜ್ಜೆ ಇಡಲಾರವು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳದೆ, ಮುಂದೆ ಹೇಳಲಿರುವುದನ್ನು ಈಗಲೇ ಹೇಳಿಬಿಡದೆ ಬರೆಯಬೇಕಾದ ಪುಸ್ತಕಗಳು ಇವು.

ಹನ್ನೆರಡು ಅಧ್ಯಾಯಗಳ ಪುಸ್ತಕವೊಂದನ್ನು ಊಹಿಸಿಕೊಳ್ಳಿ. ಅಧ್ಯಾಯಕ್ಕೆ ಹತ್ತರಂತೆ ಒಟ್ಟು 120 ಉಲ್ಲೇಖಗಳಿವೆ. ಲೇಖಕರು ಕೊನೆ ಗಳಿಗೆಯಲ್ಲಿ ನಾಲ್ಕನೇ ಅಧ್ಯಾಯವನ್ನು ಎರಡಾಗಿ ಒಡೆದರು. ಐದು ಆರಾಯಿತು, ಆರು ಏಳಾಯಿತು, ಹನ್ನೆರಡು ಹದಿಮೂರಾಯಿತು. ಡಿಟಿಪಿ ಮಾಡುವವರು ‘ಹುಡುಕಿ ಬದಲಿಸು’ ಆಜ್ಞೆಗೆ ಮೊರೆಹೋಗುತ್ತಾರೆ. ‘ಅಧ್ಯಾಯ 5’ ಇದ್ದುದನ್ನೆಲ್ಲ ‘ಅಧ್ಯಾಯ 6’ ಮಾಡಿ, ಆಮೇಲೆ ‘ಅಧ್ಯಾಯ 6’ ಇದ್ದುದನ್ನೆಲ್ಲ ‘ಅಧ್ಯಾಯ 7’ ಮಾಡಿದರೆ, ಈಗಷ್ಟೇ ಆರಾದ ಐದುಗಳೂ ಏಳಾಗಿಬಿಡುತ್ತವೆ. ಬಲ್ಲವರು ಹಿಂದಿನಿಂದ ಹೊರಡುತ್ತಾರೆ: ಮೊದಲು ಹನ್ನೆರಡನ್ನು ಹದಿಮೂರು ಮಾಡಿ, ಆಮೇಲೆ ಹನ್ನೊಂದನ್ನು ಹನ್ನೆರಡು. ಹಾಗೆ ಮಾಡಿದರೂ ‘ಮುಂದಿನ ಐದು, ಆರನೇ ಅಧ್ಯಾಯಗಳಲ್ಲಿ’ ಎಂದು ಅಕ್ಷರದಲ್ಲಿ ಬರೆದದ್ದು ಬಲೆಗೆ ಸಿಗುವುದಿಲ್ಲ.

ಅಧ್ಯಾಯದ ಸಂಖ್ಯೆಯಾದರೂ ಬದಲಾಗುವುದು ಅಪರೂಪ. ಪುಟಸಂಖ್ಯೆ ಸ್ವಲ್ಪ ಮುಟ್ಟಿದರೂ ಅಲುಗುವಂಥದ್ದು. ನಮ್ಮಲ್ಲಿ ಪುಸ್ತಕದ ಲೆಕ್ಕ ಫಾರಂನಲ್ಲಿ ನಡೆಯುತ್ತದೆ. ಡೆಮಿ 1/8 ಆಕಾರದಲ್ಲಿ ಒಂದು ಫಾರಂ ಎಂದರೆ ಸಾಮಾನ್ಯವಾಗಿ 16 ಪುಟ. ಪುಸ್ತಕ 197 ಪುಟಕ್ಕೆ ಬಂದು ನಿಂತರೆ ಹನ್ನೆರಡು ಫಾರಂ ದಾಟಿ ಐದು ಪುಟ ಹೆಚ್ಚಾಯಿತು. ‘ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಇಳಿಸಿ, 192ಕ್ಕೆ ಕೂರಿಸಿ’ ಎಂಬ ಮಾತು ಪ್ರಕಾಶಕರಿಂದ ಬರುತ್ತದೆ. ಕಾಗದದ ಬೆಲೆ ನೋಡಿದರೆ ಅದು ನ್ಯಾಯವೇ. ಆದರೆ ಆ ಅರ್ಧ ಪಾಯಿಂಟಿನಲ್ಲಿ ಪುಸ್ತಕದ ಬಹುತೇಕ ಪುಟಸಂಖ್ಯೆಯ ಉಲ್ಲೇಖಗಳು ಸುಳ್ಳಾಗುತ್ತವೆ. ಕರಡು ತಿದ್ದಿದವರ ಶ್ರಮ ನೀರುಪಾಲು.

ಪುಟವೇ ಇಲ್ಲದ ಕಾಲದ ಜಾಣ್ಮೆ

ಅಚ್ಚಿಗೆ ಮುಂಚೆ ಈ ತಾಪತ್ರಯ ಇರಲಿಲ್ಲ, ಏಕೆಂದರೆ ಪುಟವನ್ನು ನಂಬುವಂತೆಯೇ ಇರಲಿಲ್ಲ. ಒಂದೇ ಕೃತಿಯ ಎರಡು ತಾಳೆಗರಿ ಪ್ರತಿಗಳಲ್ಲಿ ಒಂದು ಪದ್ಯ ಒಂದೇ ಗರಿಯಲ್ಲಿ ಸಿಗುವ ಭರವಸೆ ಇಲ್ಲ. ಹಾಗಾಗಿ ಜಾಗವನ್ನು ಹೇಳುತ್ತಿದ್ದುದು ಕೃತಿಯ ಅಂಗಾಂಗಗಳ ಮೂಲಕ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಎಂಟು ಅಧ್ಯಾಯ, ಒಂದೊಂದಕ್ಕೆ ನಾಲ್ಕು ಪಾದ. ಅಧ್ಯಾಯ, ಪಾದ, ಸೂತ್ರ ಎಂಬ ಮೂರು ಅಂಕಿ ಹೇಳಿದರೆ ಜಗತ್ತಿನ ಯಾವ ಪ್ರತಿಯಲ್ಲಾದರೂ ಸೂತ್ರ ಸಿಕ್ಕಿತು. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ನಮ್ಮ ವಿದ್ವಾಂಸರು ಇಂದಿಗೂ ಹೀಗೆಯೇ ಉಲ್ಲೇಖಿಸುತ್ತಾರೆ.

ಪಶ್ಚಿಮದಲ್ಲೂ ಅಷ್ಟೆ. ನಾಲ್ಕನೇ ಶತಮಾನದಲ್ಲಿ ಸಿಸೇರಿಯಾದ ಯುಸೀಬಿಯಸ್ ನಾಲ್ಕು ಸುವಾರ್ತೆಗಳನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಭಾಗಗಳಿಗೆ ಸಂಖ್ಯೆ ಕೊಟ್ಟು, ಒಂದೇ ಪ್ರಸಂಗ ಯಾವ ಯಾವ ಸುವಾರ್ತೆಯ ಎಷ್ಟನೇ ಭಾಗದಲ್ಲಿದೆ ಎಂದು ಹತ್ತು ಕೋಷ್ಟಕಗಳಲ್ಲಿ ಹೊಂದಿಸಿದ. ಪ್ರತಿ ಮಾಡುವವರ ಕೈಬರಹ ದೊಡ್ಡದಿರಲಿ, ಚಿಕ್ಕದಿರಲಿ, ಕೋಷ್ಟಕ ಕೆಡುತ್ತಿರಲಿಲ್ಲ.

ಅಚ್ಚು ಬಂದ ಮೇಲೆ ಒಂದು ಆವೃತ್ತಿಯ ಎಲ್ಲ ಪ್ರತಿಗಳಲ್ಲೂ ಪುಟ ಒಂದೇ ಆಯಿತು. 1470ರಲ್ಲಿ ಕಲೋನ್ ನಗರದಲ್ಲಿ ಅಚ್ಚಾದ ಒಂದು ಧರ್ಮೋಪದೇಶದ ಹೊತ್ತಗೆಯಲ್ಲಿ ಹಾಳೆಗಳಿಗೆ ಅಚ್ಚಿನಲ್ಲೇ ಸಂಖ್ಯೆ ಹಾಕಿದ್ದು ಈ ಬಗೆಯ ಮೊದಲ ನಿದರ್ಶನಗಳಲ್ಲಿ ಒಂದು. 1578ರಲ್ಲಿ ಆನ್ರಿ ಎತಿಯೆನ್ ಜಿನೀವಾದಲ್ಲಿ ಅಚ್ಚು ಹಾಕಿದ ಪ್ಲೇಟೋ ಸಂಪುಟಗಳದ್ದು ಇನ್ನೂ ಸ್ವಾರಸ್ಯದ ಕಥೆ. ಆ ಪುಟಸಂಖ್ಯೆಗಳು ವಿದ್ವಾಂಸರಲ್ಲಿ ಎಷ್ಟು ಬಳಕೆಗೆ ಬಂದವೆಂದರೆ, ಇಂದಿನ ಪ್ಲೇಟೋ ಆವೃತ್ತಿಗಳು ತಮ್ಮ ಪುಟ ಎಲ್ಲೇ ಒಡೆಯಲಿ, ಅಂಚಿನಲ್ಲಿ ಆ ಹಳೆಯ ಸಂಖ್ಯೆಯನ್ನು ನಮೂದಿಸುತ್ತವೆ. ಒಂದು ಆವೃತ್ತಿಯ ಪುಟಸಂಖ್ಯೆ ಬರಬರುತ್ತಾ ಆ ವಾಕ್ಯದ ಹೆಸರೇ ಆಗಿಹೋಯಿತು.

ಇವೆಲ್ಲವುಗಳ ಹಿಂದೆ ಇರುವ ಸೂತ್ರ ಒಂದೇ. ಪುಟ ಪುಟವಿನ್ಯಾಸಕ್ಕೆ ಸೇರಿದ್ದು, ಇಂದು ಇಲ್ಲಿರುತ್ತದೆ, ನಾಳೆ ಅಲ್ಲಿ. ಹೆಸರು ಬರಹಕ್ಕೆ ಸೇರಿದ್ದು, ಬರಹದ ಜೊತೆಗೇ ಸಾಗುತ್ತದೆ. ಮೊಬೈಲಿನಲ್ಲಿ ನಾವು ಗೆಳೆಯರನ್ನು ಹೆಸರಿನಿಂದ ಉಳಿಸಿಕೊಳ್ಳುತ್ತೇವೆ, ಹತ್ತು ಅಂಕಿಗಳನ್ನು ಬಾಯಿಪಾಠ ಮಾಡುವುದಿಲ್ಲ. ನಂಬರ್ ಬದಲಾದರೆ ಒಂದು ಕಡೆ ತಿದ್ದಿದರೆ ಮುಗಿಯಿತು. ಪುಸ್ತಕದ ಅಡ್ಡ ಉಲ್ಲೇಖವನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯವೂ ಇಷ್ಟೇ.

ಹೆಸರು ಲೇಖಕರದು, ಎಣಿಕೆ ಯಂತ್ರದ್ದು

ಈ ಉಪಾಯ ಇಂದಿನ ರೂಪಕ್ಕೆ ಬಂದದ್ದು 1970–80ರ ದಶಕದ ಅಮೆರಿಕದಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಅವರು ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಬೃಹತ್ ಗ್ರಂಥಮಾಲೆಯ ಲೇಖಕರು. 1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಅವರ ಕೈಸೇರಿತು. ಸೀಸದ ಮೊಳೆಗಳ ಕಾಲ ಮುಗಿದು ಫೋಟೊ ಅಕ್ಷರಜೋಡಣೆ ಬಂದಿತ್ತು; ಹೊಸ ಪುಟಗಳು ಹಳೆಯವುಗಳ ಮುಂದೆ ಕಳಪೆಯಾಗಿ ಕಂಡವು. ತಮ್ಮ ಪುಸ್ತಕವನ್ನು ತಾವೇ ಜೋಡಿಸಿಕೊಳ್ಳಲು ಅವರು ಟೆಕ್ ಎಂಬ ತಂತ್ರಾಂಶ ಬರೆಯತೊಡಗಿದರು. ಆ ಸಂಪುಟ ಟೆಕ್‌ನಲ್ಲಿ ಜೋಡಣೆಗೊಂಡು ಹೊರಬಂದದ್ದು 1981ರಲ್ಲಿ.

ಕುತೂಹಲದ ಸಂಗತಿಯೆಂದರೆ, ಕನೂತ್ ಟೆಕ್ ಜೊತೆಗೆ ಕೊಟ್ಟ ಮೂಲ ಆಜ್ಞೆಗಳ ಗಂಟಿನಲ್ಲಿ ಅಧ್ಯಾಯಗಳ ಅಡ್ಡ ಉಲ್ಲೇಖ ತಾನಾಗಿ ತುಂಬುವ ಸೌಲಭ್ಯ ಇರಲಿಲ್ಲ. ಆದರೆ ಟೆಕ್‌ನ ಮೂಲ ಪ್ರೋಗ್ರಾಮನ್ನೇ ಪುಸ್ತಕವಾಗಿ ಅಚ್ಚು ಹಾಕಲು ಅವರು ವೆಬ್ ಎಂಬ ಇನ್ನೊಂದು ವ್ಯವಸ್ಥೆ ಕಟ್ಟಿದ್ದರು (ಇಂದಿನ ಜಾಲತಾಣಗಳ ವೆಬ್‌ಗೂ ಇದಕ್ಕೂ ಸಂಬಂಧವಿಲ್ಲ). ಅದರಲ್ಲಿ ಒಂದೊಂದು ತುಣುಕಿನ ಕೆಳಗೂ ‘ಇದು ಇಂಥಿಂಥ ಸಂಖ್ಯೆಯ ತುಣುಕುಗಳಲ್ಲಿ ಬಳಕೆಯಾಗಿದೆ’ ಎಂಬ ಟಿಪ್ಪಣಿ ತಾನೇ ಮೂಡುತ್ತದೆ. 1986ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ 1,380 ತುಣುಕುಗಳಿವೆ. ಅಷ್ಟೂ ತುಣುಕುಗಳ ನಡುವಿನ ಸಂಬಂಧವನ್ನು ಕೈಯಿಂದ ಬರೆದು ತಪ್ಪಿಲ್ಲದೆ ನಿಭಾಯಿಸುವುದು ಮನುಷ್ಯಮಾತ್ರರಿಂದ ಆಗದ ಕೆಲಸ.

ಸಾಮಾನ್ಯ ಪುಸ್ತಕಗಳಿಗೆ ದಾರಿ ತೆರೆದವರು ಇನ್ನಿಬ್ಬರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರಯಾನ್ ರೀಡ್ 1980ರ ತಮ್ಮ ಪಿಎಚ್‌ಡಿಗಾಗಿ ರೂಪಿಸಿದ ಸ್ಕ್ರೈಬ್ ತಂತ್ರಾಂಶ, ಲೇಖಕರು ಏನು ಬರೆಯುತ್ತಿದ್ದಾರೆ ಎಂಬುದನ್ನೂ ಅದು ಕಾಗದದ ಮೇಲೆ ಹೇಗೆ ಕಾಣಬೇಕು ಎಂಬುದನ್ನೂ ಬೇರೆ ಮಾಡಿತು. ಅದರಿಂದ ಪ್ರಭಾವಿತರಾದ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದ ಮೊದಲ ವರ್ಷಗಳಲ್ಲಿ ಟೆಕ್ ಮೇಲೆ ಲೇಟೆಕ್ ಕಟ್ಟಿದರು. ಇಂದು ಗಣಿತ, ಭೌತವಿಜ್ಞಾನ, ಕಂಪ್ಯೂಟರ್ ವಿಜ್ಞಾನದ ಬಹುಪಾಲು ಪ್ರಬಂಧಗಳು ಜೋಡಣೆಯಾಗುವುದು ಅದರಲ್ಲೇ.

ಲೇಟೆಕ್‌ನಲ್ಲಿ ಇದಕ್ಕೆ ಮೂರೇ ಆಜ್ಞೆ. ಅಧ್ಯಾಯದ ಶೀರ್ಷಿಕೆಯ ಬಳಿ ‘ಲೇಬಲ್’ ಎಂಬ ಆಜ್ಞೆ ಬರೆದು ಒಂದು ಗುಟ್ಟಿನ ಹೆಸರು ಇಡಬೇಕು: ‘ಬೀಜೋಪಚಾರ’ ಎಂದಿಟ್ಟುಕೊಳ್ಳೋಣ. ಆ ಹೆಸರು ಅಚ್ಚಿನಲ್ಲಿ ಕಾಣುವುದಿಲ್ಲ. ಪುಸ್ತಕದಲ್ಲಿ ಬೇರೆಲ್ಲಾದರೂ ಆ ಅಧ್ಯಾಯದ ಸಂಖ್ಯೆ ಬೇಕಾದರೆ ‘ರೆಫ್’, ಪುಟಸಂಖ್ಯೆ ಬೇಕಾದರೆ ‘ಪೇಜ್‌ರೆಫ್’ ಎಂಬ ಆಜ್ಞೆಗೆ ಅದೇ ಹೆಸರು ಕೊಟ್ಟರೆ ಸಾಕು. ಅಧ್ಯಾಯ ಮೂರರಿಂದ ಏಳಕ್ಕೆ ಹೋಗಲಿ, ಪುಟ 27ರಿಂದ 91ಕ್ಕೆ ಜಾರಲಿ, ಲೇಖಕರು ತಿದ್ದಬೇಕಾದ್ದು ಏನೂ ಇಲ್ಲ.

ಮುಂದಿರುವುದನ್ನು ಮೊದಲೇ ಹೇಳುವುದು ಹೇಗೆ?

ಇಲ್ಲೊಂದು ತೊಡಕಿದೆ. ಪುಟ 10ರಲ್ಲಿ ‘ಬೀಜೋಪಚಾರದ ಅಧ್ಯಾಯ ನೋಡಿ’ ಎಂದು ಬರೆದಿದೆ. ಆ ಅಧ್ಯಾಯ ಇರುವುದು ಮುಂದೆಲ್ಲೋ. ಹತ್ತನೇ ಪುಟ ಜೋಡಿಸುವಾಗ ಅದರ ಸಂಖ್ಯೆ ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ ಲೇಟೆಕ್ ಪುಸ್ತಕವನ್ನು ಒಂದಕ್ಕಿಂತ ಹೆಚ್ಚು ಸಲ ಜೋಡಿಸುತ್ತದೆ.

ಮೊದಲ ಸುತ್ತಿನಲ್ಲಿ ಗೊತ್ತಿಲ್ಲದ ಕಡೆಗಳಲ್ಲೆಲ್ಲ ಎರಡು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದುವರಿಯುತ್ತದೆ. ಲೇಬಲ್ ಎದುರಾದಾಗಲೆಲ್ಲ ‘ಈ ಹೆಸರು, ಈ ಅಧ್ಯಾಯಸಂಖ್ಯೆ, ಈ ಪುಟ’ ಎಂದು ಪಕ್ಕದ ಕಡತವೊಂದರಲ್ಲಿ ಬರೆದಿಡುತ್ತದೆ. ಎರಡನೇ ಸುತ್ತು ಶುರುವಾಗುವಾಗ ಆ ಕಡತವನ್ನು ಮೊದಲು ಓದಿಕೊಂಡು, ಪ್ರಶ್ನಾರ್ಥಕಗಳ ಜಾಗದಲ್ಲಿ ಸಂಖ್ಯೆ ತುಂಬುತ್ತದೆ. ಆದರೆ ಎರಡನೇ ಸುತ್ತಿನಲ್ಲೇ ಪರಿವಿಡಿಯೂ ಮೊದಲ ಬಾರಿಗೆ ತುಂಬಿಕೊಳ್ಳುತ್ತದೆ. ಅದು ನಾಲ್ಕು ಪುಟ ನುಂಗಿದರೆ, ತುಂಬಿದ ಪುಟಸಂಖ್ಯೆಗಳೆಲ್ಲ ನಾಲ್ಕರಷ್ಟು ಹಿಂದೆ ಬೀಳುತ್ತವೆ. ಮೂರನೇ ಸುತ್ತಿನಲ್ಲಿ ಅದು ಸರಿಹೋಗುತ್ತದೆ. ಮುನ್ನುಡಿ, ಪರಿವಿಡಿಗಳಿಗೆ ರೋಮನ್ ಅಂಕಿ ಕೊಟ್ಟು, ಮೊದಲ ಅಧ್ಯಾಯದಿಂದ 1 ಎಂದು ಎಣಿಸುವ ಹಳೆಯ ಮುದ್ರಕರ ಪದ್ಧತಿಯ ಲಾಭ ಇಲ್ಲಿ ಎದ್ದು ಕಾಣುತ್ತದೆ: ಮುನ್ನುಡಿ ಎಷ್ಟೇ ತಡವಾಗಿ ಬರಲಿ, ಎಷ್ಟೇ ಉದ್ದವಾಗಲಿ, ಒಳಗಿನ ಲೆಕ್ಕ ಕದಲುವುದಿಲ್ಲ.

ಪುಟಸಂಖ್ಯೆ ಬರೆದಿಡುವುದರಲ್ಲೂ ಒಂದು ಸೂಕ್ಷ್ಮವಿದೆ. ಟೆಕ್ ಒಂದು ಪ್ಯಾರಾ ಓದಿದ ಕೂಡಲೇ ಅದನ್ನು ಪುಟಕ್ಕೆ ಅಂಟಿಸುವುದಿಲ್ಲ. ಒಂದು ಪುಟಕ್ಕಿಂತ ತುಸು ಹೆಚ್ಚೇ ಸಾಲುಗಳನ್ನು ಕೂಡಿಹಾಕಿಕೊಂಡು, ಎಲ್ಲಿ ಒಡೆದರೆ ಚೆಂದ ಎಂದು ತೂಗಿ ನೋಡುತ್ತದೆ. ಲೇಬಲ್ ಓದಿದ ಕ್ಷಣದಲ್ಲೇ ‘ಈಗಿನ ಪುಟ 26’ ಎಂದು ಬರೆದುಬಿಟ್ಟರೆ, ಆ ಸಾಲು ಆಮೇಲೆ 27ಕ್ಕೆ ಜಾರಬಹುದು. ಆದ್ದರಿಂದ ಬರೆಯುವ ಆಜ್ಞೆಯನ್ನು ಸಾಲಿನ ಜೊತೆಗೇ ಕಟ್ಟಿ ಕಳಿಸಿ, ಪುಟ ಪೂರ್ತಿಯಾಗಿ ಹೊರಬೀಳುವ ಗಳಿಗೆಯಲ್ಲಿ ಮಾತ್ರ ಅದನ್ನು ನಡೆಸಲಾಗುತ್ತದೆ.

ದೊಡ್ಡ ಪುಸ್ತಕ ಬರೆಯುವವರಿಗೆ ಲ್ಯಾಂಪೋರ್ಟ್ ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟರು. ಅಧ್ಯಾಯಕ್ಕೊಂದು ಕಡತ ಇಟ್ಟುಕೊಂಡರೆ, ಸಂಖ್ಯೆಗಳ ಟಿಪ್ಪಣಿಯೂ ಅಧ್ಯಾಯಕ್ಕೊಂದು ಉಳಿಯುತ್ತದೆ. ಏಳನೇ ಅಧ್ಯಾಯವೊಂದನ್ನೇ ಜೋಡಿಸಿ ನೋಡಿದರೂ ಮಿಕ್ಕ ಅಧ್ಯಾಯಗಳ ಹಳೆಯ ಟಿಪ್ಪಣಿಗಳಿಂದ ಉಲ್ಲೇಖಗಳು ತುಂಬಿಕೊಳ್ಳುತ್ತವೆ. ಮುಂದೆ ಬೇರೆಯವರು ಸೇರಿಸಿದ ಉಪಕರಣಗಳು ಸಂಖ್ಯೆಯ ಹಿಂದೆ ‘ಅಧ್ಯಾಯ’, ‘ಚಿತ್ರ’ ಎಂಬ ಪದವನ್ನು ತಾವೇ ಹಾಕುತ್ತವೆ. ಪಿಡಿಎಫ್‌ನಲ್ಲಿ ಒತ್ತಿದರೆ ಆ ಜಾಗಕ್ಕೆ ಒಯ್ಯುತ್ತವೆ. ಒಂದು ಸಂಪುಟದಿಂದ ಇನ್ನೊಂದು ಸಂಪುಟದ ಲೇಬಲನ್ನೂ ಓದಿಕೊಳ್ಳುತ್ತವೆ.

ಎಂದೂ ನಿಲ್ಲದ ಲೆಕ್ಕ

ಮೂರು ಸುತ್ತಿಗೆ ಎಲ್ಲವೂ ನೆಲೆಗೊಳ್ಳುತ್ತದೆ ಎಂದು ಯಾರಾದರೂ ಆಣೆ ಮಾಡಬಲ್ಲರೇ? ಇಲ್ಲ. ಸಂಖ್ಯೆ ತುಂಬಿದ್ದರಿಂದಲೇ ಸಾಲು ಉದ್ದವಾಗಿ, ಸಾಲು ಉದ್ದವಾದದ್ದರಿಂದಲೇ ಸಂಖ್ಯೆ ಬದಲಾಗಿ, ಎಂದಿಗೂ ಮುಗಿಯದ ಜಗ್ಗಾಟ ಹುಟ್ಟಬಹುದು.

‘ಪುಟ 13’ ಎನ್ನುವ ಬದಲು, ಚಿತ್ರ ಪಕ್ಕದಲ್ಲೇ ಇದ್ದರೆ ‘ಮುಂದಿನ ಪುಟದಲ್ಲಿ’ ಎಂದು ಬರೆಯುವ ಜಾಣ ಉಪಕರಣವೊಂದು ಲೇಟೆಕ್‌ನಲ್ಲಿದೆ. ಈಗ ನೋಡಿ: ಉಲ್ಲೇಖ ಪುಟ 12ರಲ್ಲಿದೆ, ಚಿತ್ರ ಪುಟ 13ರ ತುತ್ತತುದಿಯಲ್ಲಿದೆ. ಯಂತ್ರ ‘ಮುಂದಿನ ಪುಟದಲ್ಲಿ’ ಎಂದು ಬರೆಯಿತು. ಆ ಉದ್ದದ ಮಾತಿನಿಂದ ಪ್ಯಾರಾ ಒಂದು ಸಾಲು ಬೆಳೆದು, ಚಿತ್ರ ಪುಟ 14ಕ್ಕೆ ಜಾರಿತು. ಮುಂದಿನ ಸುತ್ತಿನಲ್ಲಿ ಚಿತ್ರ ದೂರದಲ್ಲಿದೆ ಎಂದು ಕಂಡು, ಯಂತ್ರ ‘ಪುಟ 14ರಲ್ಲಿ’ ಎಂದು ಚುಟುಕಾಗಿ ಬರೆಯಿತು. ಸಾಲು ಉಳಿಯಿತು, ಚಿತ್ರ ಮತ್ತೆ 13ಕ್ಕೆ ಬಂತು. ಹಾಗಾದರೆ ‘ಮುಂದಿನ ಪುಟದಲ್ಲಿ’ ಎನ್ನಬೇಕು. ಈ ಎರಡೂ ಸ್ಥಿತಿಗಳು ತಮ್ಮನ್ನು ತಾವೇ ಸುಳ್ಳಾಗಿಸಿಕೊಳ್ಳುತ್ತವೆ. ಕಂಪ್ಯೂಟರ್ ಎಷ್ಟು ವೇಗದ್ದಾದರೂ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಉತ್ತರವೇ ಇಲ್ಲದ ಲೆಕ್ಕ ಇದು.

ಹಾಗಾಗಿ ಇಂಥ ತಂತ್ರಾಂಶಗಳು ಎಲ್ಲೋ ಒಂದು ಕಡೆ ಕೈಬಿಡುವ ನಿಯಮ ಇಟ್ಟುಕೊಂಡಿವೆ. ಲೇಟೆಕ್ ಸುತ್ತುಗಳನ್ನು ತಾನೇ ನಡೆಸುವ ಲೇಟೆಕ್‌ಎಂಕೆ ಎಂಬ ಉಪಕರಣ ಸಾಮಾನ್ಯವಾಗಿ ಐದು ಸುತ್ತಿಗೆ ನಿಲ್ಲುತ್ತದೆ. 2023ರಲ್ಲಿ ಎಲ್ಲರಿಗೂ ಮುಕ್ತವಾದ ಟೈಪ್ಸ್ಟ್ ಎಂಬ ಹೊಸ ಪೀಳಿಗೆಯ ತಂತ್ರಾಂಶವೂ ಐದು ಪ್ರಯತ್ನದೊಳಗೆ ಪುಟಗಳು ನೆಲೆಗೊಳ್ಳದಿದ್ದರೆ ಹಾಗೆಂದು ಎಚ್ಚರಿಸಿ ಸುಮ್ಮನಾಗುತ್ತದೆ. ಆಗ ಮನುಷ್ಯರು ಕೈಹಾಕಿ, ಆ ವಾಕ್ಯದಲ್ಲಿ ಒಂದೆರಡು ಪದ ಹೆಚ್ಚು ಕಡಿಮೆ ಮಾಡಿದರೆ ಜಗ್ಗಾಟ ನಿಲ್ಲುತ್ತದೆ. ಅದೃಷ್ಟಕ್ಕೆ ಇಂಥ ಸಂದರ್ಭಗಳು ಅಪರೂಪ.

ಡಿಟಿಪಿ ಮನೆಯಲ್ಲಿ

ನಮ್ಮ ಸಾಹಿತ್ಯ, ಸಂಶೋಧನೆಯ ಪುಸ್ತಕಗಳು ಹುಟ್ಟುವುದು ಲೇಟೆಕ್‌ನಲ್ಲಲ್ಲ. ವರ್ಡ್‌ನಲ್ಲಿ ಬೆರಳಚ್ಚಾಗಿ, ಪೇಜ್‌ಮೇಕರ್ ಅಥವಾ ಇನ್‌ಡಿಸೈನ್‌ನಲ್ಲಿ ಪುಟಗಳಾಗುತ್ತವೆ. ವರ್ಡ್‌ನಲ್ಲಿ ಈ ಸೌಲಭ್ಯ ಬಹಳ ಹಿಂದಿನಿಂದಲೂ ಇದೆ. ಶೀರ್ಷಿಕೆಗಳನ್ನು ಸುಮ್ಮನೆ ದಪ್ಪ ಮಾಡದೆ ‘ಹೆಡಿಂಗ್’ ಶೈಲಿಯಲ್ಲಿ ಇಟ್ಟಿದ್ದರೆ, ‘ರೆಫರೆನ್ಸಸ್’ ಪಟ್ಟಿಯ ‘ಕ್ರಾಸ್-ರೆಫರೆನ್ಸ್’ ಒತ್ತಿ ಬೇಕಾದ ಅಧ್ಯಾಯ ಆರಿಸಬಹುದು. ವರ್ಡ್ ಆ ಶೀರ್ಷಿಕೆಗೆ ಕಣ್ಣಿಗೆ ಕಾಣದ ಒಂದು ಬುಕ್‌ಮಾರ್ಕ್ ಕಟ್ಟಿ, ಉಲ್ಲೇಖದ ಜಾಗದಲ್ಲಿ ಅದನ್ನು ಓದುವ ‘ಫೀಲ್ಡ್’ ಇಡುತ್ತದೆ.

ಇಲ್ಲಿ ಎರಡು ಹೊಂಡಗಳಿವೆ. ಒಂದು, ಅಧ್ಯಾಯ ಸರಿದ ತಕ್ಷಣ ಸಂಖ್ಯೆ ಬದಲಾಗುವುದಿಲ್ಲ. ಪೂರ್ತಿ ಪಠ್ಯ ಆಯ್ದುಕೊಂಡು ಎಫ್9 ಕೀಲಿ ಒತ್ತಿದಾಗ ಮಾತ್ರ ಅದು ಹೊಸದಾಗಿ ಎಣಿಸುತ್ತದೆ. ಇನ್ನೊಂದು, ಶೀರ್ಷಿಕೆಯನ್ನು ಪೂರ್ತಿ ಅಳಿಸಿ ಮತ್ತೆ ಟೈಪ್ ಮಾಡಿದರೆ ಬುಕ್‌ಮಾರ್ಕ್ ಕೂಡ ಅಳಿದುಹೋಗುತ್ತದೆ. ಮುಂದಿನ ಎಫ್9ಗೆ ಆ ಇಂಗ್ಲಿಷ್ ‘ಎರರ್’ ವಾಕ್ಯ ಪ್ರತ್ಯಕ್ಷ. ಶೀರ್ಷಿಕೆ ಬದಲಿಸಬೇಕಿದ್ದರೆ ಅದರ ಒಳಗೇ ತಿದ್ದಬೇಕು, ಕಿತ್ತು ಹೊಸದು ಹಾಕಬಾರದು.

2001ರ 7.0 ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ. ಪರಿವಿಡಿ ಕಟ್ಟಿಕೊಳ್ಳಲು ಅದರಲ್ಲಿ ದಾರಿಯಿತ್ತು. ವಾಕ್ಯದ ನಡುವಿನ ಉಲ್ಲೇಖಗಳು ಕೈಕೆಲಸವಾಗಿಯೇ ಉಳಿದವು. ಇನ್‌ಡಿಸೈನ್‌ಗೆ ಅಡ್ಡ ಉಲ್ಲೇಖದ ಪೂರ್ಣ ಸೌಲಭ್ಯ ಬಂದದ್ದು 2008ರ ಸಿಎಸ್4 ಆವೃತ್ತಿಯಲ್ಲಿ. ಅದರ ಪಟ್ಟಿಯಲ್ಲಿ ಒಂದೊಂದು ಉಲ್ಲೇಖದ ಎದುರೂ ಅದು ಹಳತಾಗಿದೆಯೇ, ಗುರಿ ಕಾಣೆಯಾಗಿದೆಯೇ ಎಂಬ ಗುರುತು ಮೂಡುತ್ತದೆ. ಅಧ್ಯಾಯಕ್ಕೊಂದು ಕಡತ ಮಾಡಿ ‘ಬುಕ್’ ಆಗಿ ಪೋಣಿಸಿದ್ದರೂ ಒಂದರಿಂದ ಇನ್ನೊಂದಕ್ಕೆ ಉಲ್ಲೇಖ ಕೊಡಬಹುದು. ಆದರೆ ಲೇಖಕರು ತಿದ್ದಿದ ಅಧ್ಯಾಯವನ್ನು ಹೊಸ ವರ್ಡ್ ಕಡತವಾಗಿ ಕಳಿಸಿ, ಡಿಟಿಪಿಯವರು ಹಳೆಯದನ್ನು ತೆಗೆದು ಇದನ್ನು ಸುರಿದರೆ, ಹಳೆಯ ಪಠ್ಯದೊಳಗೆ ನೆಟ್ಟಿದ್ದ ಗುರಿಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಪುಟಕ್ಕೆ ಇಳಿದ ಮೇಲೆ ತಿದ್ದುಪಡಿಗಳನ್ನು ಪುಟದಲ್ಲೇ ಮಾಡಬೇಕೆಂಬ ಶಿಸ್ತು ಇಲ್ಲದ ಕಡೆ ಈ ಸೌಲಭ್ಯ ಉಳಿಯುವುದಿಲ್ಲ.

ಇ-ಪುಸ್ತಕದಲ್ಲಿ ಪುಟವೆಂಬುದೇ ಓದುಗರು ಅಕ್ಷರ ದೊಡ್ಡದು ಮಾಡಿಕೊಂಡಂತೆ ಬದಲಾಗುವ ಸಂಗತಿ. ಅಲ್ಲಿ ‘ಪುಟ 142 ನೋಡಿ’ ಎಂಬುದಕ್ಕೆ ಅರ್ಥ ಉಳಿಯುವುದು ಕಷ್ಟ. ಅಧ್ಯಾಯದ ಹೆಸರಿಗೆ ಕೊಂಡಿ ಕೊಡುವುದೇ ನೇರ ದಾರಿ. ತಾಳೆಗರಿಯ ಕಾಲದವರ ಜಾಣ್ಮೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಕನ್ನಡದ ವಿಭಕ್ತಿಗೆ ಒಗ್ಗುವುದೇ?

ಸಂಖ್ಯೆ ಆಮೇಲೆ ಬಂದು ಕೂರುವುದಾದರೆ, ಅದಕ್ಕೆ ಅಂಟುವ ಪ್ರತ್ಯಯವನ್ನು ಈಗಲೇ ಬರೆದಿಡುವುದು ಹೇಗೆ? ಇಂಗ್ಲಿಷಿಗೆ ಈ ಪ್ರಶ್ನೆಯಿಲ್ಲ, ಅಲ್ಲಿ ಸಂಖ್ಯೆಗೆ ಏನೂ ಅಂಟುವುದಿಲ್ಲ. ತುರ್ಕಿ ಭಾಷೆಯವರಿಗೆ ಇದು ತಲೆನೋವು: ‘5ರಲ್ಲಿ’ ಎನ್ನಲು ‘ತೆ’ ಅಂಟಿದರೆ, ‘6ರಲ್ಲಿ’ ಎನ್ನಲು ‘ದ’ ಅಂಟುತ್ತದೆ. ಹಂಗೇರಿಯನ್ ಭಾಷೆಯಲ್ಲಿ ಸಂಖ್ಯೆಯ ಹಿಂದೆ ಬರುವ, ಇಂಗ್ಲಿಷಿನ ‘ದಿ’ಯಂಥ ಪದವೇ, ಆ ಸಂಖ್ಯೆಯ ಉಚ್ಚಾರ ಸ್ವರದಿಂದ ಶುರುವಾಗುತ್ತದೋ ವ್ಯಂಜನದಿಂದಲೋ ಎಂಬುದರ ಮೇಲೆ ಬದಲಾಗುತ್ತದೆ. ಅದಕ್ಕೆಂದೇ ಲೇಟೆಕ್‌ನ ಹಂಗೇರಿಯನ್ ವಿಭಾಗದಲ್ಲಿ, ಸಂಖ್ಯೆಯನ್ನು ‘ಓದಿ’ ಸರಿಯಾದ ರೂಪ ಆರಿಸುವ ಪ್ರತ್ಯೇಕ ಆಜ್ಞೆ ಬರೆದಿದ್ದಾರೆ.

ಕನ್ನಡ ಇಲ್ಲಿ ಪುಣ್ಯವಂತ. ಒಂದರಲ್ಲಿ, ಎರಡರಲ್ಲಿ, ಐದರಲ್ಲಿ, ಹತ್ತರಲ್ಲಿ, ನೂರರಲ್ಲಿ: ಎಲ್ಲದಕ್ಕೂ ‘ರಲ್ಲಿ’. ಒಂದಕ್ಕೆ, ಏಳಕ್ಕೆ, ನೂರಕ್ಕೆ: ಎಲ್ಲದಕ್ಕೂ ‘ಕ್ಕೆ’. ಮೊದಲನೆಯದೊಂದನ್ನು ಬಿಟ್ಟರೆ ‘ನೇ’ ಕೂಡ ಹಾಗೆಯೇ. ಅಂಕಿಯಲ್ಲಿ ಬರೆಯುವಾಗ ‘1ನೇ’ ಎಂಬುದೂ ನಡೆಯುತ್ತದೆ. ರೆಫ್ ಆಜ್ಞೆಯ ಬೆನ್ನಿಗೆ ‘ರಲ್ಲಿ’ ಎಂದು ಬರೆದುಬಿಟ್ಟರೆ ಯಾವ ಸಂಖ್ಯೆ ಬಂದು ಕೂತರೂ ವ್ಯಾಕರಣ ಕೆಡುವುದಿಲ್ಲ. ಸಾವಿರ ಮುಟ್ಟಿದಾಗ ಮಾತ್ರ ‘1000ದಲ್ಲಿ’ ಎಂದಾಗುತ್ತದೆ, 1001ಕ್ಕೆ ಮತ್ತೆ ‘ರಲ್ಲಿ’ ಮರಳುತ್ತದೆ. ಸಾವಿರ ಅಧ್ಯಾಯದ ಪುಸ್ತಕವನ್ನು ಯಾರೂ ಬರೆಯುವುದಿಲ್ಲ. ಸಾವಿರ ಪುಟ ದಾಟುವ ಸಮಗ್ರ ಸಂಪುಟಗಳಲ್ಲಿ ಎಚ್ಚರ ಬೇಕು.

ತೊಡಕು ಬರುವುದು ಸಂಖ್ಯೆಯ ಬದಲು ಶೀರ್ಷಿಕೆಯನ್ನು ತುಂಬಿಸಿದಾಗ. ‘ಮಳೆ’ಯಲ್ಲಿ, ‘ಮಣ್ಣಿ’ನಲ್ಲಿ, ‘ಬೀಜ’ದಲ್ಲಿ ಎಂದು ಪ್ರತ್ಯಯ ಬದಲಾಗುತ್ತಲೇ ಇರುತ್ತದೆ. ಪರಿಹಾರ ಸುಲಭ: ಶೀರ್ಷಿಕೆಯ ಮುಂದೆ ಬದಲಾಗದ ಪದವೊಂದನ್ನು ಇಟ್ಟು ಪ್ರತ್ಯಯವನ್ನು ಅದಕ್ಕೇ ಅಂಟಿಸುವುದು. ‘ಮಳೆ’ ಅಧ್ಯಾಯದಲ್ಲಿ, ‘ಮಣ್ಣು’ ಅಧ್ಯಾಯದಲ್ಲಿ. ಅನುಬಂಧಗಳನ್ನು ಅ, ಆ, ಇ ಎಂದು ಗುರುತಿಸಿದಾಗಲೂ ಇದೇ ಕ್ರಮ: ‘ಅನುಬಂಧ ಅದಲ್ಲಿ’ ಎಂದರೆ ಓದುಗರು ತಡವರಿಸುತ್ತಾರೆ, ‘ಅ’ ಅನುಬಂಧದಲ್ಲಿ ಎಂದರೆ ತೊಡಕಿಲ್ಲ.

ತಾಂತ್ರಿಕವಾಗಿಯೂ ಹಳೆಯ ಅಡ್ಡಿ ಈಗಿಲ್ಲ. ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಹಿಂದೆ ಕಂಪ್ಯೂಟರಿಗೆ ಕಾಣುತ್ತಿದ್ದುದು ಇಂಗ್ಲಿಷ್ ಅಕ್ಷರಗಳು. ಹುಡುಕುವುದು, ಬದಲಿಸುವುದು ಎಲ್ಲವೂ ಅರೆಬರೆ. ಯೂನಿಕೋಡ್ ಆ ಗೊಂದಲ ಕಳೆಯಿತು. 2004ರಲ್ಲಿ ಜೊನಾಥನ್ ಕ್ಯೂ ಹೊರತಂದ ಝೀಟೆಕ್, ಯೂನಿಕೋಡ್ ಪಠ್ಯವನ್ನೂ ಕಂಪ್ಯೂಟರಿನಲ್ಲಿರುವ ಸಾಮಾನ್ಯ ಫಾಂಟ್‌ಗಳನ್ನೂ ನೇರವಾಗಿ ಬಳಸಲು ದಾರಿ ಮಾಡಿದ ಮೇಲೆ, ಒತ್ತಕ್ಷರ ಕೆಡದ ಕನ್ನಡ ಪುಸ್ತಕವನ್ನು ಲೇಟೆಕ್‌ನಲ್ಲೂ ಜೋಡಿಸಬಹುದು. ಯಂತ್ರದೊಳಗೆ ಎಣಿಕೆ ಬರಿಯ ಎಣಿಕೆ. ಅದು 5 ಎಂದು ಕಾಣಬೇಕೋ ೫ ಎಂದು ಕಾಣಬೇಕೋ ಎಂಬುದು ಬೇರೆಯೇ ತೀರ್ಮಾನ.

ಯಂತ್ರಕ್ಕೆ ಕಾಣದ್ದು

ಇಷ್ಟಾದರೂ ಕರಡು ತಿದ್ದುವವರ ಕೆಲಸ ಹೋಗುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳು ಕಣ್ಣಿಗೆ ಹೊಡೆಯುತ್ತವೆ, ಸಿಕ್ಕಿಬೀಳುತ್ತವೆ. ಭಯಪಡಬೇಕಾದ್ದು ಸದ್ದಿಲ್ಲದ ತಪ್ಪಿಗೆ. ಲೇಟೆಕ್‌ನಲ್ಲಿ ಚಿತ್ರದ ಶೀರ್ಷಿಕೆಗಿಂತ ಮೊದಲೇ ಲೇಬಲ್ ಬರೆದರೆ, ಅದು ಚಿತ್ರದ ಸಂಖ್ಯೆಯ ಬದಲು ಆ ವಿಭಾಗದ ಸಂಖ್ಯೆಯನ್ನು ಹಿಡಿದುಕೊಳ್ಳುತ್ತದೆ. ಎಚ್ಚರಿಕೆ ಬರುವುದಿಲ್ಲ, ಪ್ರಶ್ನಾರ್ಥಕವೂ ಇಲ್ಲ. ನೋಡಲು ಲಕ್ಷಣವಾದ, ಪೂರ್ತಿ ತಪ್ಪಾದ ಸಂಖ್ಯೆ ಅಚ್ಚಾಗುತ್ತದೆ.

ಇದಕ್ಕಿಂತ ಆಳದ್ದು ಮಾತಿನೊಳಗೆ ಬೆರೆತ ಉಲ್ಲೇಖ. ‘ಹಿಂದೆ ನೋಡಿದಂತೆ’, ‘ಮುಂದಿನ ಅಧ್ಯಾಯದಲ್ಲಿ ಚರ್ಚಿಸೋಣ’, ‘ಮೇಲೆ ಹೇಳಿದ ಮೂರು ಕಾರಣಗಳು’. ಇವಕ್ಕೆ ಲೇಬಲ್ ಇಲ್ಲ. ಅಧ್ಯಾಯಗಳ ಕ್ರಮ ಬದಲಾದಾಗ ಸಂಖ್ಯೆಗಳೆಲ್ಲ ಸರಿಯಾಗಿ, ಇವು ಮಾತ್ರ ಸುಳ್ಳಾಗಿ ಉಳಿಯುತ್ತವೆ. ಸಂಪಾದಕರು ಕೊನೆಯ ಸುತ್ತಿನಲ್ಲಿ ಹಿಂದೆ, ಹಿಂದಿನ, ಮುಂದೆ, ಮುಂದಿನ, ಮೇಲೆ, ಕೆಳಗೆ, ಈಗಾಗಲೇ ಎಂಬ ಪದಗಳನ್ನು ಹುಡುಕಿ ಒಂದೊಂದನ್ನೂ ಪರೀಕ್ಷಿಸುವುದು ಒಳ್ಳೆಯ ರೂಢಿ. ಬಿಡಿ ಪುಸ್ತಕಗಳನ್ನು ಕೂಡಿಸಿ ಸಮಗ್ರ ಸಂಪುಟ ಮಾಡುವಾಗ ಇದು ಇನ್ನೂ ಅಗತ್ಯ. ‘ಈ ಪುಸ್ತಕದ ಪುಟ 45’ ಎಂದು ಲೇಖಕರು ಬರೆದಿದ್ದ ಆ ಪುಸ್ತಕ ಈಗ ಸಂಪುಟದ ನಡುವಿನ ಒಂದು ಭಾಗ. 45ನೇ ಪುಟದಲ್ಲಿ ಬೇರೇನೋ ಇರುತ್ತದೆ.

ಇನ್ನು, ಗುರಿಯಲ್ಲಿ ಇರಬೇಕಾದ್ದು ಇದೆಯೇ ಎಂಬ ಪ್ರಶ್ನೆ. ಬೀಜೋಪಚಾರದ ಅಧ್ಯಾಯದಿಂದ ಬೂಷ್ಟು ರೋಗದ ಎರಡು ಪ್ಯಾರಾ ಬೇರೆ ಕಡೆಗೆ ಹೋಗಿದ್ದರೆ, ‘ಬೂಷ್ಟು ರೋಗಕ್ಕೆ 3ನೇ ಅಧ್ಯಾಯ ನೋಡಿ’ ಎಂಬ ಉಲ್ಲೇಖದಲ್ಲಿ ಸಂಖ್ಯೆ ಸರಿ, ವಿಷಯ ಮಾತ್ರ ಅಲ್ಲಿಲ್ಲ. ಯಂತ್ರ ವಿಳಾಸವನ್ನಷ್ಟೇ ಖಾತರಿ ಮಾಡುತ್ತದೆ. ಅಲ್ಲಿ ಯಾರಿದ್ದಾರೆ ಎಂದು ಹೋಗಿ ನೋಡಬೇಕಾದವರು ಓದಬಲ್ಲವರೇ. ಇಡೀ ಅಧ್ಯಾಯಕ್ಕೆ ಲೇಬಲ್ ಹಚ್ಚುವ ಬದಲು, ಹೇಳಬೇಕಾದ ವಿಷಯವಿರುವ ಪ್ಯಾರಾ ಅಥವಾ ಉಪವಿಭಾಗಕ್ಕೇ ಹಚ್ಚಿದರೆ ಈ ಅಪಾಯ ತಗ್ಗುತ್ತದೆ. ಪ್ಯಾರಾ ಹೋದಲ್ಲಿಗೆ ಲೇಬಲೂ ಹೋಗುತ್ತದೆ.

ಲೇಖಕರ ಮೇಜಿನಿಂದಲೇ

ಹಾಗಾದರೆ ಕನ್ನಡದ ಲೇಖಕರು ಏನು ಮಾಡಬಹುದು? ಹೊಸ ತಂತ್ರಾಂಶ ಕಲಿಯಲೇಬೇಕೆಂದಿಲ್ಲ. ಹಸ್ತಪ್ರತಿಯಲ್ಲಿ ಸಂಖ್ಯೆಯ ಜಾಗದಲ್ಲಿ ಹೆಸರು ಬರೆದರೆ ಅರ್ಧ ಕೆಲಸ ಮುಗಿಯಿತು: ಪುಟ 000 ಎನ್ನುವ ಬದಲು [[ಬೀಜೋಪಚಾರ-ಪುಟ]] ಎಂದು ಬರೆಯುವುದು. ಜೋಡಿ ಆವರಣ ಬೇರೆಲ್ಲೂ ಬರುವುದಿಲ್ಲವಾದ್ದರಿಂದ ಹುಡುಕಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಮೂರು ಸೊನ್ನೆ ಏನನ್ನು ತೋರಿಸಬೇಕಿತ್ತು ಎಂದು ಆರು ತಿಂಗಳ ಮೇಲೆ ಲೇಖಕರಿಗೇ ನೆನಪಿರುವುದಿಲ್ಲ. ಹೆಸರು ತಾನೇ ಹೇಳುತ್ತದೆ. ಹೆಸರು ವಿಷಯದ್ದಾಗಿರಬೇಕು, ಸ್ಥಾನದ್ದಲ್ಲ. ‘ಅಧ್ಯಾಯ-ಮೂರು’ ಎಂದು ಹೆಸರಿಟ್ಟ ಅಧ್ಯಾಯ ಏಳನೆಯದಾದಾಗ ಎಲ್ಲರ ತಲೆಯೂ ಕೆಡುತ್ತದೆ. ಇನ್‌ಡಿಸೈನ್‌ನಲ್ಲಿ ಕೂರುವವರು ಈ ಗುರುತುಗಳನ್ನು ಜೀವಂತ ಉಲ್ಲೇಖಗಳಾಗಿ ಮಾರ್ಪಡಿಸಬಹುದು. ಸಮಯವಿಲ್ಲದಿದ್ದರೆ ಕೈಯಿಂದ ತುಂಬಿದರೂ ಒಂದೂ ತಪ್ಪಿಹೋಗುವುದಿಲ್ಲ.

ಪ್ರಕಾಶಕರ ಕಡೆಯಿಂದ ಬೇಕಾದ್ದು, ಈ ಕೆಲಸಕ್ಕೆ ಡಿಟಿಪಿ ದರದಲ್ಲಿ ಒಂದಿಷ್ಟು ಜಾಗ. ಪುಟಕ್ಕಿಷ್ಟು ಎಂದು ಎಣಿಸಿ ಕೊಡುವ ಪದ್ಧತಿಯಲ್ಲಿ, ಕಣ್ಣಿಗೆ ಕಾಣದ ಲೇಬಲ್ ನೆಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಒಮ್ಮೆ ಅಚ್ಚಾಗಿ ಮುಗಿಯುವ ಪುಸ್ತಕಕ್ಕೆ ಅದು ದುಬಾರಿ ಎನ್ನಿಸಬಹುದು. ಮತ್ತೆ ಮತ್ತೆ ಅಚ್ಚಾಗುವ ಕೈಪಿಡಿ, ಪಠ್ಯ, ವ್ಯಾಕರಣಗಳ ಲೆಕ್ಕ ಬೇರೆ. ಇಂಥ ಪುಸ್ತಕ ಮರುಮುದ್ರಣಕ್ಕೆ ಬಂದಾಗ ಲೇಖಕರಿಗೆ ಹೊಸದಾಗಿ ಹೇಳಬೇಕಾದ್ದು ಎಷ್ಟೋ ಇರುತ್ತದೆ. ಆದರೆ ನಡುವೆ ಒಂದು ಪುಟ ಸೇರಿಸಿದರೆ ಉಲ್ಲೇಖಗಳೆಲ್ಲ ಅಸ್ತವ್ಯಸ್ತವಾಗುತ್ತವೆ ಎಂಬ ಭಯಕ್ಕೆ, ಹೊಸ ಸಂಗತಿಯನ್ನು ಕೊನೆಯಲ್ಲಿ ಅನುಬಂಧವಾಗಿ ತುರುಕಿ ಕೈತೊಳೆದುಕೊಳ್ಳುವುದೇ ಹೆಚ್ಚು. ಸಂಖ್ಯೆಗಳ ಹೊಣೆ ಯಂತ್ರದ್ದಾದರೆ ಈ ಭಯ ಹೋಗುತ್ತದೆ. ಹಳತಾದದ್ದನ್ನು ಕಿತ್ತು, ಹೊಸದನ್ನು ಅದು ಇರಬೇಕಾದ ಜಾಗದಲ್ಲೇ ಸೇರಿಸಬಹುದು. ಆಗ ‘ಪರಿಷ್ಕೃತ ಮುದ್ರಣ’ ಎಂಬ ಮಾತು ಮುಖಪುಟದಲ್ಲಷ್ಟೇ ಉಳಿಯದೆ ಒಳಪುಟಗಳಿಗೂ ಇಳಿಯುತ್ತದೆ.